ಐಬಿಎಕ್ಸ್ ಉಗುರು ಟ್ರೀಟ್‌ಮೆಂಟ್: ಹಚ್ಚೋದು ಸುಲಭ, ರೇಟು ಕಟ್ಟೋದೇ ಕಷ್ಟ

ಫೇಮಸ್ ನೇಮ್ಸ್ ಕಂಪನಿಯ ಐಬಿಎಕ್ಸ್ ಅನ್ನು ನಾನು ಸಲೂನಿನಲ್ಲಿ ಬಹಳ ಕಾಲದಿಂದ ಬಳಸುತ್ತಿದ್ದೇನೆ. ರಿಪೇರ್, ಸ್ಟ್ರೆಂಥನ್ ಅಂತ ಎರಡು ಪುಟ್ಟ ಬಾಟಲಿ. ಕೊಂಡುಕೊಳ್ಳುವ ಮುಂಚೆ ಎಲ್ಲರೂ ಕೇಳೋದು ಒಂದೇ: ಇದು ನಿಜಕ್ಕೂ ಕೆಲಸ ಮಾಡುತ್ತಾ? ಮಾಡುತ್ತದೆ, ಸರಿಯಾದ ಉಗುರಿಗೆ ಹಚ್ಚಿದರೆ. ಆದರೆ ಸಲೂನ್ ನಡೆಸುವವರು ಅದಕ್ಕಿಂತ ಮೊದಲು ಯೋಚಿಸಬೇಕಾದದ್ದು ರೇಟಿನ ಬಗ್ಗೆ. ಒಳ್ಳೆಯ ಸಾಮಾನು ತಂದು, ಅಡ್ಡಾದಿಡ್ಡಿ ರೇಟು ಹಾಕಿ, ಕೊನೆಗೆ "ಇದರಲ್ಲಿ ಏನೂ ಉಳಿಯಲ್ಲ" ಅಂತ ಮೂಲೆಗೆ ತಳ್ಳಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಇದು ಏನು ಮಾಡುತ್ತದೆ ಅನ್ನೋದು ಗೊತ್ತಿರಲಿ, ಯಾಕೆಂದರೆ ಗ್ರಾಹಕರು ಕೇಳಿಯೇ ಕೇಳುತ್ತಾರೆ. ಉಗುರು ಅಂದರೆ ಒಂದರ ಮೇಲೊಂದು ಒತ್ತಾಗಿ ಕೂತ ಸತ್ತ ಜೀವಕೋಶಗಳ ಪದರಗಳು. ಅದಕ್ಕೆ ಗಟ್ಟಿತನ ಕೊಡೋದು ಕೆರಾಟಿನ್ ಎಂಬ ಪ್ರೋಟೀನು, ಅದರೊಳಗಿನ ಗಂಧಕದ ಬಂಧಗಳು. ಕ್ಯಾಲ್ಸಿಯಂ ಅಲ್ಲ. ಉಗುರಿನಲ್ಲಿ ಕ್ಯಾಲ್ಸಿಯಂ ಇರೋದು ತೀರಾ ಕಡಿಮೆ, ಆದರೂ "ಕ್ಯಾಲ್ಸಿಯಂ ಇರುವ ಪಾಲಿಶ್ ಹಚ್ಚಿ" ಅನ್ನೋ ಮಾತು ಇನ್ನೂ ನಿಂತಿಲ್ಲ. ನೀರಲ್ಲಿ ನೆನೆದು, ಒಣಗಿ, ಮತ್ತೆ ನೆನೆದು, ಅಥವಾ ಜೆಲ್ ಪಾಲಿಶನ್ನು ಕೆರೆದು ತೆಗೆದಾಗ ಮೇಲಿನ ಪದರಗಳು ಬಿಟ್ಟುಕೊಳ್ಳುತ್ತವೆ. ತುದಿಯಲ್ಲಿ ಸಿಪ್ಪೆ ಏಳುತ್ತದೆ, ಮೇಲ್ಮೈಯಲ್ಲಿ ಬಿಳಿ ಕಲೆ ಕಾಣುತ್ತದೆ. ಐಬಿಎಕ್ಸ್ ಈ ಮೇಲಿನ ಪದರಗಳೊಳಗೆ ಇಳಿದು, ಉಗುರಿಗೆಂದೇ ಇರುವ ಯುವಿ ಲ್ಯಾಂಪಿನ ಬೆಳಕಿಗೆ ಅಲ್ಲೇ ಗಟ್ಟಿಯಾಗಿ, ಬಿಟ್ಟುಕೊಂಡ ಪದರಗಳನ್ನು ಹಿಡಿದಿಡುತ್ತದೆ. ಮೇಲೆ ಕೂರುವ ಕೋಟಿಂಗ್ ಇದಲ್ಲ. ಹಚ್ಚಿ ಮುಗಿಸಿದ ಮೇಲೆ ಉಗುರಿನ ಮೇಲೆ ಏನೂ ಉಳಿದಿರಬಾರದು.

ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಇರುವ ಹಳೆಯ ಹಾರ್ಡನರ್‌ಗಳ, ಅಂದರೆ ಉಗುರು ಗಟ್ಟಿ ಮಾಡುವ ದ್ರವಗಳ, ದಾರಿಯೇ ಬೇರೆ. ಅವು ಕೆರಾಟಿನ್ ಎಳೆಗಳನ್ನು ಒಂದಕ್ಕೊಂದು ಬಿಗಿದು ಕಟ್ಟುತ್ತವೆ. ಮೊದಮೊದಲು ಗ್ರಾಹಕರು ಖುಷಿಯೋ ಖುಷಿ. ಬಿಡದೆ ಹಚ್ಚುತ್ತಾ ಹೋದರೆ ಉಗುರು ಬಿರುಸಾಗಿ, ಬಾಗೋದನ್ನು ಬಿಟ್ಟು ಪಟ್ ಅಂತ ಮುರಿಯುತ್ತದೆ. ಗಟ್ಟಿ ಇದ್ದರೆ ಸಾಲದು, ಬಾಗುವ ಗುಣವೂ ಬೇಕು. ಸದಾ ಒಣಗಿ ಮುರಿಯುವ ಉಗುರಿನವರಿಗೆ ಹಾರ್ಡನರ್ ಕೊಡೋದು ಉಲ್ಟಾ ಕೆಲಸ, ಅವರಿಗೆ ಬೇಕಾಗಿರೋದು ಎಣ್ಣೆ.

ಇನ್ನು ಹಚ್ಚುವ ವಿಷಯ. ನಾನು ಯಾವತ್ತೂ ಒಣ ಕೈಯಲ್ಲೇ ಶುರು ಮಾಡುತ್ತೇನೆ. ಕೈಯನ್ನು ನೀರಿನ ಬಟ್ಟಲಲ್ಲಿ ಅದ್ದಿಸಿದರೆ ಉಗುರು ನೀರು ಹೀರಿ ಉಬ್ಬುತ್ತದೆ, ಒಳಗೆ ಇಳಿಯಬೇಕಾದ ದ್ರವಕ್ಕೆ ಜಾಗ ಇರಲ್ಲ. ಕ್ರೀಮು, ಎಣ್ಣೆ ಏನಿದ್ದರೂ ಆಮೇಲೆ. ಕ್ಯೂಟಿಕಲ್ ಅಂತ ಉಗುರಿನ ಮೇಲೆ ಅಂಟಿಕೊಂಡಿರುವ ತೆಳು ಸತ್ತ ಚರ್ಮವನ್ನು ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಆ ಭಾಗಕ್ಕೆ ದ್ರವ ತಲುಪಲ್ಲ. ತುದಿ ಫೈಲ್ ಮಾಡಲು 240 ಗ್ರಿಟ್‌ನ ನಯವಾದ ಫೈಲ್ ಸಾಕು. ಮೇಲ್ಮೈಯನ್ನು ಬಫ್ ಮಾಡಿ ತೆಳುವಾಗಿಸೋ ಗೋಜಿಗೆ ಹೋಗಬೇಡಿ. ಗಟ್ಟಿ ಮಾಡಿಸಿಕೊಳ್ಳಲು ಬಂದವರ ಉಗುರನ್ನು ಮೊದಲು ಉಜ್ಜಿ ತೆಳ್ಳಗೆ ಮಾಡೋದರಲ್ಲಿ ಏನರ್ಥ, ಅಲ್ವಾ? ಆಮೇಲೆ ಆಲ್ಕೋಹಾಲಿನಲ್ಲಿ ಒರೆಸಿ, ಅದು ಪೂರ್ತಿ ಆರುವ ತನಕ ಕಾಯುತ್ತೇನೆ.

ಬಿಳಿ ಕಲೆ, ಕೆರೆದ ಗುರುತು, ಆಳದ ಸೀಳು ಇರುವ ಕಡೆ ಮೊದಲು ರಿಪೇರ್. ಆಮೇಲೆ ಇಡೀ ಉಗುರಿಗೆ ಸ್ಟ್ರೆಂಥನ್. ಎರಡನ್ನೂ ಆದಷ್ಟು ತೆಳುವಾಗಿ ಹಚ್ಚಬೇಕು. ಚರ್ಮಕ್ಕೆ ತಾಗಬಾರದು. ತಾಗಿದರೆ ಲ್ಯಾಂಪಿಗೆ ಕೈ ಇಡುವ ಮುಂಚೆಯೇ ಒರೆಸಿ ತೆಗೆಯಬೇಕು. ಹಚ್ಚಿದ ಮೇಲೆ ಬಿಸಿ ಕೊಡಬೇಕು. ಬಿಸಿಗೆ ದ್ರವ ಇನ್ನೂ ತೆಳುವಾಗಿ ಒಳಗಿಳಿಯುತ್ತದೆ. ನಾನು ಮೂರು ನಿಮಿಷದಷ್ಟು ಬೆಚ್ಚಗಿನ ಲ್ಯಾಂಪಿನ ಕೆಳಗೆ ಇಡಿಸುತ್ತೇನೆ, ಹೇರ್ ಡ್ರೈಯರ್ ಆದರೂ ನಡೆಯುತ್ತದೆ. ಆಮೇಲೆ ಮೇಲೆ ಉಳಿದದ್ದನ್ನು ಒತ್ತಿ ತೆಗೆದು, ಕ್ಯೂರ್ ಮಾಡಿ, ಅಂದರೆ ಯುವಿ ಲ್ಯಾಂಪಿನಲ್ಲಿಟ್ಟು ಗಟ್ಟಿ ಮಾಡಿ, ಮತ್ತೆ ಆಲ್ಕೋಹಾಲಿನಲ್ಲಿ ಒರೆಸೋದು. ಎಷ್ಟು ಹೊತ್ತು ಕ್ಯೂರ್ ಮಾಡಬೇಕು ಅನ್ನೋದು ನಿಮ್ಮ ಲ್ಯಾಂಪಿನ ಮೇಲೆ ಹೋಗುತ್ತದೆ, ಕಂಪನಿ ಹೇಳಿದ್ದನ್ನೇ ಪಾಲಿಸಿ.

ಹೊಸಬರು ಅವಸರ ಮಾಡೋದು ಈ ಬಿಸಿಯ ಹಂತದಲ್ಲೇ. ಮೂರು ನಿಮಿಷ ಸುಮ್ನೆ ಕೂರೋದು ಕಷ್ಟ, ಒಂದು ನಿಮಿಷಕ್ಕೇ ಮುಗಿಸಿ ಕ್ಯೂರ್ ಮಾಡುವ ಲ್ಯಾಂಪಿಗೆ ಹಾಕುತ್ತಾರೆ. ಆಗ ಒಳಗೆ ಇಳಿಯಬೇಕಾದದ್ದು ಮೇಲೇ ಗಟ್ಟಿಯಾಗುತ್ತದೆ. ಅದರ ಮೇಲೆ ಜೆಲ್ ಪಾಲಿಶ್ ಹಾಕಿದರೆ ವಾರದೊಳಗೆ ಎದ್ದು ಬರುತ್ತದೆ, ಬೈಗುಳ ಬೀಳೋದು ಮಾತ್ರ ಜೆಲ್ ಪಾಲಿಶ್‌ಗೆ. ಒತ್ತಿ ತೆಗೆಯೋದರಲ್ಲೂ ಹಾಗೆಯೇ. ನುಣುಪಾಗಿ ಹೊಳೆಯುವ ಪದರ ಉಳಿದಿದ್ದರೆ ಕೆಲಸ ಸರಿಯಾಗಿಲ್ಲ ಅಂತಲೇ ಲೆಕ್ಕ.

ತೀರಾ ತೆಳ್ಳಗಿನ ಉಗುರಿನವರಿಗೆ ಕ್ಯೂರ್ ಆಗುವಾಗ ಚುರುಕ್ ಅನ್ನಬಹುದು. ಮೊದಲೇ ಹೇಳಿಟ್ಟಿರಿ. ಬಿಸಿ ಅನ್ನಿಸಿದ ಕೂಡಲೇ ಕೈ ಹೊರಗೆ ತೆಗೆದು, ಆರಿದ ಮೇಲೆ ಮತ್ತೆ ಇಟ್ಟರಾಯಿತು.

ಈಗ ರೇಟು. ಎರಡು ಹನಿ ದ್ರವಕ್ಕೆ ಇಷ್ಟೊಂದಾ ಅಂತ ಗ್ರಾಹಕರು ಕೇಳುತ್ತಾರೆ. ಸಾಮಾನಿನ ಲೆಕ್ಕದಲ್ಲಿ ಅವರು ಹೇಳೋದು ಸರಿಯೇ. ಒಂದು ಬಾಟಲಿ ಬಹಳ ಜನರಿಗೆ ಬರುತ್ತದೆ. ತೆರೆದ ದಿನವನ್ನು ಬಾಟಲಿಯ ಮೇಲೆ ಬರೆದಿಡಿ, ಯಾರು ಯಾರಿಗೆ ಹಚ್ಚಿದಿರಿ ಅಂತ ಗುರುತು ಹಾಕಿಕೊಳ್ಳಿ, ಮುಗಿದಾಗ ಭಾಗಿಸಿ. ತಲೆಗೆ ಬೀಳುವ ಖರ್ಚು ನೋಡಿದರೆ ನಿಮಗೇ ನಗು ಬರುತ್ತದೆ. ಹಾಗಂತ ಆ ಖರ್ಚಿನ ಎರಡರಷ್ಟೋ ಮೂರರಷ್ಟೋ ರೇಟು ಹಾಕಿದರೆ ಮುಳುಗಿದಿರಿ. ಇಲ್ಲಿ ಖರ್ಚಾಗೋದು ಕುರ್ಚಿಯ ಹೊತ್ತು.

ನಾನು ಮಾಡುವ ಲೆಕ್ಕ ಹೀಗೆ. ತಿಂಗಳ ಬಾಡಿಗೆ, ಕರೆಂಟು, ಸಾಲದ ಕಂತು, ಸಂಬಳ, ಇವೆಲ್ಲದರ ಜೊತೆ ನನ್ನದೇ ಸಂಬಳವನ್ನೂ ಕೂಡಿಸುತ್ತೇನೆ. ಇದನ್ನೇ ಮರೆಯುವವರು ಜಾಸ್ತಿ. ಅದನ್ನು ಅಂಗಡಿ ತೆರೆದಿರುವ ಗಂಟೆಗಳಿಂದ ಭಾಗಿಸಬಾರದು, ಕುರ್ಚಿಯಲ್ಲಿ ನಿಜವಾಗಿ ಯಾರೋ ಕೂತಿದ್ದ ಗಂಟೆಗಳಿಂದ ಭಾಗಿಸಬೇಕು. ದಿನಕ್ಕೆ ಎಂಟು ಗಂಟೆ ತೆರೆದಿದ್ದು ಐದು ಗಂಟೆ ಕೆಲಸ ಇದ್ದರೆ, ಆ ಐದು ಗಂಟೆಯೇ ಎಂಟು ಗಂಟೆಯ ಖರ್ಚನ್ನು ಹೊರಬೇಕು. ಹಾಗೆ ಬಂದ ಮೊತ್ತವನ್ನು ಅರವತ್ತರಿಂದ ಭಾಗಿಸಿದರೆ ಒಂದು ನಿಮಿಷದ ಬೆಲೆ ಸಿಗುತ್ತದೆ. ಅದಕ್ಕಿಂತ ಕಡಿಮೆಗೆ ಯಾವ ಕೆಲಸ ಮಾಡಿದರೂ ಕೈಯಿಂದ ಹಾಕಿದ ಹಾಗೆ.

ಜೆಲ್ ಪಾಲಿಶ್ ಜೊತೆಗೆ ಮಾಡಿದರೆ ಐಬಿಎಕ್ಸ್ ಸುಮಾರು ಹದಿನೈದು ನಿಮಿಷ ಜಾಸ್ತಿ ತೆಗೆದುಕೊಳ್ಳುತ್ತದೆ, ರಿಪೇರ್ ಸೇರಿದರೆ ಇನ್ನೂ ಸ್ವಲ್ಪ. ಬರೀ ಅದನ್ನೇ ಮಾಡಿದರೆ ಕ್ಯೂಟಿಕಲ್ ಕೆಲಸ, ಫೈಲಿಂಗ್, ಕೊನೆಯ ಎಣ್ಣೆ ಎಲ್ಲ ಸೇರಿ ಅರ್ಧ ಗಂಟೆ ದಾಟುತ್ತದೆ. ಒಂದು ಗಂಟೆಯ ಜೆಲ್ ಪಾಲಿಶ್ ಕೆಲಸಕ್ಕೆ ನೂರು ಅಂತ ಇಟ್ಟುಕೊಂಡರೆ, ಜೊತೆಗೆ ಹಾಕುವ ಐಬಿಎಕ್ಸ್ ಇಪ್ಪತ್ತೈದಕ್ಕಿಂತ ಕೆಳಗಿರಬಾರದು. ಸಾಮಾನು, ಒರೆಸುವ ಪ್ಯಾಡು, ಸ್ವಲ್ಪ ಲಾಭ ಸೇರಿಸಿ ನಾನು ಮೂವತ್ತು ಮೂವತ್ತೈದರ ಹತ್ತಿರ ಇಡುತ್ತೇನೆ. ಬರೀ ಟ್ರೀಟ್‌ಮೆಂಟ್ ಆದರೆ ಸಾದಾ ಮ್ಯಾನಿಕ್ಯೂರಿನ ರೇಟಿಗೆ ಸಮ, ಇಲ್ಲವೇ ಒಂದು ಕೂದಲೆಳೆಯಷ್ಟು ಜಾಸ್ತಿ. ಅದಕ್ಕಿಂತ ಕಡಿಮೆ ಇಟ್ಟರೆ ಮ್ಯಾನಿಕ್ಯೂರಿಗೆ ಬರುವವರೆಲ್ಲ ಇದಕ್ಕೇ ತಿರುಗಿಬಿಡುತ್ತಾರೆ.

ಫ್ರೀಯಾಗಿ ಹಾಕಿಕೊಡೋದಕ್ಕೆ ನನ್ನ ಪೂರ್ತಿ ವಿರೋಧ ಇದೆ. ಹೊಸ ಸರ್ವಿಸ್ ಪರಿಚಯ ಆಗಲಿ ಅಂತ ಕೆಲವರು ಮೊದಲ ತಿಂಗಳು ಜೆಲ್ ಪಾಲಿಶ್ ಜೊತೆ ಸುಮ್ನೆ ಸೇರಿಸುತ್ತಾರೆ. ಎರಡನೇ ತಿಂಗಳು ರೇಟು ಹೇಳಿದರೆ ಗ್ರಾಹಕರ ಮುಖ ನೋಡಬೇಕು. ತೋರಿಸಲೇಬೇಕು ಅಂದರೆ ಒಂದೇ ಬೆರಳಿಗೆ ಹಚ್ಚಿ ಕಳಿಸಿ. ಮುಂದಿನ ಸಲ ಬರುವಾಗ ಪಕ್ಕದ ಬೆರಳಿನ ಜೊತೆ ಅವರೇ ಹೋಲಿಸಿ ನೋಡಿರುತ್ತಾರೆ. ನನ್ನ ಕೈಯಲ್ಲಿ ಇದರಷ್ಟು ಚೆನ್ನಾಗಿ ಮಾರಾಟ ಮಾಡಿಸಿದ ಉಪಾಯ ಬೇರೊಂದಿಲ್ಲ.

ಪ್ಯಾಕೇಜ್ ಮಾಡುವಾಗ ಉಗುರಿನ ಬೆಳವಣಿಗೆಯನ್ನು ನೋಡಿ ಮಾಡಿ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಹೊಸದಾಗಲು ಆರು ತಿಂಗಳು ಬೇಕು. ಹಾಳಾದ ಭಾಗ ಬೆಳೆದು ಕತ್ತರಿಗೆ ಬೀಳುವ ತನಕ ಅದನ್ನು ಮುರಿಯದಂತೆ ಕಾಪಾಡೋದಷ್ಟೇ ಈ ಟ್ರೀಟ್‌ಮೆಂಟಿನ ಕೆಲಸ. ಹಾಗಾಗಿ ನಾನು ಎರಡು ವಾರಕ್ಕೊಮ್ಮೆ ಅಂತ ನಾಲ್ಕು ಸಲದ ಪ್ಯಾಕೇಜ್ ಮಾತ್ರ ಮುಂಗಡ ಹಣಕ್ಕೆ ಕೊಡುತ್ತೇನೆ. ಆಮೇಲೆ ಉಗುರು ನೋಡಿ ಅಂತರ ಜಾಸ್ತಿ ಮಾಡೋದು. ವರ್ಷದ ಪ್ಯಾಕೇಜ್ ಮಾರಿ ಅಂತ ಒಬ್ಬ ಸೇಲ್ಸ್‌ನವರು ನನಗೆ ಬುದ್ಧಿ ಹೇಳಿದ್ದರು. ಆರು ತಿಂಗಳಲ್ಲಿ ಚೆನ್ನಾಗಿರುವ ಹೊಸ ಉಗುರು ಬಂದಿರುವವರಿಗೆ ಮತ್ತೆ ಏನನ್ನು ರಿಪೇರಿ ಮಾಡೋದು? ಅವರು ಕಂತು ಕಟ್ಟುತ್ತಾ ನನ್ನನ್ನು ಬೈಯುತ್ತಾ ಇರುತ್ತಾರೆ.

ರಿಯಾಯಿತಿಯನ್ನು ಪ್ಯಾಕೇಜಿನಲ್ಲಿ ಬೇಕಾದರೆ ಸ್ವಲ್ಪ ಕೊಡಿ. ಬಿಡಿಯಾಗಿ ಬೇಡ. ಪ್ಯಾಕೇಜ್ ಜೊತೆ ಒಂದು ಪುಟ್ಟ ಉಗುರಿನ ಎಣ್ಣೆ ಸೇರಿಸಿದರೆ ರಿಯಾಯಿತಿಗಿಂತ ಒಳ್ಳೆಯದು. ಹೊಹೊಬಾ ಎಣ್ಣೆ ಇರುವಂಥದ್ದು ನನಗೆ ಇಷ್ಟ. ಮನೆಯಲ್ಲಿ ದಿನಾ ಎಣ್ಣೆ ಹಚ್ಚಿ, ಪಾತ್ರೆ ತೊಳೆಯುವಾಗ ಗ್ಲೌಸ್ ಹಾಕುವವರ ಉಗುರಿಗೂ, ಏನೂ ಮಾಡದವರ ಉಗುರಿಗೂ ಇರುವ ವ್ಯತ್ಯಾಸ ನಾಲ್ಕನೇ ಸಲಕ್ಕೆ ಕಣ್ಣಿಗೆ ಹೊಡೆಯುತ್ತದೆ.

ಯಾರಿಗೆ ಹಚ್ಚಲ್ಲ ಅಂತ ಮೊದಲೇ ತೀರ್ಮಾನ ಮಾಡಿಕೊಂಡಿರಿ. ಉಗುರು ಕೆಳಗಿನ ಚರ್ಮದಿಂದ ಎದ್ದು ನಿಂತಿದ್ದರೆ ಬೇಡ. ಹಸಿರು ಬಣ್ಣ, ದಪ್ಪಗಾಗಿ ಪುಡಿ ಉದುರೋದು, ನೋವು, ಕೀವು ಇದ್ದರೆ ಬೇಡ. ಉಗುರುಗಳು ಚಮಚದ ಹಾಗೆ ಗುಳಿ ಬಿದ್ದಿದ್ದರೆ ಕಬ್ಬಿಣದ ಕೊರತೆ ಇರಬಹುದು, ಡಾಕ್ಟರ್ ಹತ್ತಿರ ಕಳಿಸಿ. ಉಗುರಿನ ಉದ್ದಕ್ಕೂ ಹೊಸದಾಗಿ ಕಪ್ಪು ಗೆರೆ ಬಂದಿದ್ದರೆ, ಅದು ಅಗಲವಾಗುತ್ತಿದ್ದರೆ, ಹೆದರಿಸದೆ, ತಡ ಮಾಡದೆ ಚರ್ಮದ ಡಾಕ್ಟರಿಗೆ ತೋರಿಸಲು ಹೇಳಿ. ಹೀಗೆ ವಾಪಸ್ ಕಳಿಸಿದ ದಿನ ಗಲ್ಲಾಪೆಟ್ಟಿಗೆಗೆ ಏನೂ ಬರಲ್ಲ ನಿಜ. ಆದರೆ ಹಾಗೆ ಹೋದವರು ನಾಳೆ ಅಕ್ಕತಂಗಿಯರನ್ನೂ ಕರೆದುಕೊಂಡು ಬರುತ್ತಾರೆ, ನಾನು ಕಂಡಿದ್ದೇನೆ. ಉಗುರಿಗೆ ಒಳ್ಳೆಯದು ಅಂತ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದೇನೆ ಅನ್ನುವವರೂ ತುಂಬಾ. ರಕ್ತ ಪರೀಕ್ಷೆಗೆ ಹೋಗುವಾಗ ಡಾಕ್ಟರಿಗೆ ಹೇಳಿ ಅಂತ ಅವರಿಗೆ ನೆನಪಿಸುತ್ತೇನೆ. ಬಯೋಟಿನ್‌ನಿಂದ ಕೆಲವು ಪರೀಕ್ಷೆಗಳ ಫಲಿತಾಂಶ ತಪ್ಪಾಗಿ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ.

ಅಲರ್ಜಿಯ ಬಗ್ಗೆಯೂ ಒಂದು ಮಾತು. ಇದು ಈ ಬಾಟಲಿಗೆ ಅಂತಲ್ಲ, ಲ್ಯಾಂಪಿನಲ್ಲಿ ಗಟ್ಟಿಯಾಗುವ ಎಲ್ಲದಕ್ಕೂ. ಪೂರ್ತಿ ಗಟ್ಟಿಯಾಗದ ಅಕ್ರಿಲೇಟ್ ದ್ರವ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಬರಬಹುದು. ಒಮ್ಮೆ ಬಂದರೆ ಸಾಮಾನ್ಯವಾಗಿ ಹೋಗಲ್ಲ. ಅದೇ ಜಾತಿಯ ವಸ್ತುಗಳು ಹಲ್ಲಿನ ಫಿಲ್ಲಿಂಗ್‌ನಲ್ಲೂ ಇರೋದರಿಂದ ಅದು ಉಗುರಿಗಷ್ಟೇ ಮುಗಿಯುವ ಕಥೆಯಲ್ಲ. ಗ್ರಾಹಕರಿಗಿಂತ ದಿನವಿಡೀ ಮುಟ್ಟುವ ನಮಗೇ ಅಪಾಯ ಜಾಸ್ತಿ. ನೈಟ್ರೈಲ್ ಗ್ಲೌಸ್ ಹಾಕಿ, ಆಗಾಗ ಬದಲಿಸಿ, ಅದರ ಖರ್ಚನ್ನೂ ರೇಟಿನಲ್ಲಿ ಸೇರಿಸಿ. ಯುರೋಪಿಯನ್ ಒಕ್ಕೂಟದಲ್ಲಿ ಹೇಮಾ (HEMA) ಎಂಬ ಇದೇ ಜಾತಿಯ ರಾಸಾಯನಿಕ ಇರುವ ಉಗುರಿನ ಉತ್ಪನ್ನಗಳನ್ನು ವೃತ್ತಿಪರರಷ್ಟೇ ಬಳಸಬೇಕು ಅನ್ನುವ ನಿಯಮ ಇದೆ. ಟಿಪಿಒ ಎಂಬ ಕ್ಯೂರಿಂಗ್ ವಸ್ತುವನ್ನು ಅಲ್ಲಿ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದ್ದಾರೆ. ಹಳೆಯ ಸ್ಟಾಕು ಕಡಿಮೆ ರೇಟಿಗೆ ಸಿಗುತ್ತದೆ ಅಂತ ಯಾವ ಬ್ರ್ಯಾಂಡಿನದನ್ನೇ ತರಿಸುವ ಮುಂಚೆಯೂ ಬಾಟಲಿಯ ಹಿಂಬದಿಯಲ್ಲಿರುವ ಪದಾರ್ಥಗಳ ಪಟ್ಟಿ ಓದಿ.

ಕಾಲಿನ ಉಗುರಿಗೂ ಮಾಡುತ್ತೀರಾ ಅಂತ ಕೇಳುತ್ತಾರೆ. ಮಾಡಬಹುದು. ಆದರೆ ಅದು ಕೈ ಉಗುರಿನ ಅರ್ಧದಷ್ಟು ವೇಗದಲ್ಲಿ ಬೆಳೆಯುತ್ತದೆ, ಪೂರ್ತಿ ಹೊಸದಾಗಲು ಒಂದರಿಂದ ಒಂದೂವರೆ ವರ್ಷ. ನಾಲ್ಕು ಸಲದ ಪ್ಯಾಕೇಜಿನಲ್ಲಿ ಏನೂ ಕಾಣಲ್ಲ, ಹಾಗಾಗಿ ಕಾಲಿಗೆ ನಾನು ಬಿಡಿ ರೇಟು ಮಾತ್ರ ಹೇಳುತ್ತೇನೆ.

ಕೊಂಡುಕೊಳ್ಳುವವರಿಗೆ: ಮೊದಲ ಸಲ ಎರಡೂ ಇರುವ ಕಿಟ್ ತೆಗೆದುಕೊಳ್ಳಿ, ಆಮೇಲೆ ಬಿಡಿ ಬಾಟಲಿ. ನನ್ನಲ್ಲಿ ಸ್ಟ್ರೆಂಥನ್ ಬೇಗ ಖಾಲಿಯಾಗುತ್ತದೆ, ರಿಪೇರ್ ಉಳಿದುಬಿಡುತ್ತದೆ. ಬಾಟಲಿಯನ್ನು ಕಿಟಕಿಯ ಬಿಸಿಲಿಗೂ ಉರಿಯುತ್ತಿರುವ ಲ್ಯಾಂಪಿನ ಪಕ್ಕಕ್ಕೂ ಇಡಬೇಡಿ, ಬ್ರಷ್ ಅಲ್ಲೇ ಗಟ್ಟಿಯಾಗುತ್ತದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಒಂದು ಸ್ಟಾರ್ ಕಡಿಮೆ ಮಾಡಿದ್ದು ಹೊತ್ತು ತಿನ್ನುವುದಕ್ಕೆ. ಬಿಡುವಿಲ್ಲದ ಶನಿವಾರಗಳಲ್ಲಿ ನಾನು ಇದರ ಬುಕಿಂಗ್ ತೆಗೆದುಕೊಳ್ಳೋದೇ ಇಲ್ಲ.