1084 ಉಕ್ಕು ಮತ್ತು ಸೆರಾಮಿಕ್ ಬೆಲ್ಟ್: ಆರು ವರ್ಷ ಬಳಸಿದ ಮೇಲೆ

ಚಾಕು ಮಾಡಲು ಹಿಡಿದು ಆರು ವರ್ಷವಾಯಿತು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ, ಜೊತೆಗೆ 1095, ಓ1, 1084 ಎಂಬ ಉಕ್ಕಿನ ಬಗೆಗಳು, ಇಷ್ಟನ್ನೂ ಬಳಸಿ ನೋಡಿದ್ದೇನೆ. ಹೊಸದಾಗಿ ಪಟ್ಟಿ ತರಿಸುವಾಗ ಇವತ್ತಿಗೂ ಮೊದಲು ಕೇಳುವುದು 1084ನ್ನೇ.

ಅದಕ್ಕೆ ಕಾರಣ ಹದ, ಅಂದರೆ ಉಕ್ಕನ್ನು ಕಾಸಿ ತಣಿಸಿ ಗಡುಸು ಮಾಡುವ ಕೆಲಸ. ಇದರಲ್ಲಿ ಇಂಗಾಲ ಶೇ. 0.8ರ ಆಸುಪಾಸು. ಹಾಗಾಗಿ ಕಾಸಿದ ಶಾಖದಲ್ಲಿ ಬಹಳ ಹೊತ್ತು ಹಿಡಿದಿಡುವ ಗೋಜಿಲ್ಲ. 770 ಡಿಗ್ರಿಯ ಹತ್ತಿರ ಅಲಗಿಗೆ ಆಯಸ್ಕಾಂತ ಅಂಟುವುದು ನಿಲ್ಲುತ್ತದೆ. ಅಲ್ಲಿಂದ ಕೆಂಪು ಇನ್ನೊಂದಿಷ್ಟು ತಿಳಿಯಾಗಿ 815ರ ಸುಮಾರಿಗೆ ಬಂದಾಗ ಬೆಚ್ಚಗಿನ ಎಣ್ಣೆಗೆ ಇಳಿಸಿದರೆ ಮುಗಿಯಿತು, ಅರ ಹಾಕಿದರೆ ಗಾಜಿನ ಮೇಲೆ ಹಾಕಿದಂತೆ ಜಾರುವಷ್ಟು ಗಡುಸಾಗುತ್ತದೆ. ಶಾಖ ಅಳೆಯುವ ಸಾಧನವಿಲ್ಲದ ನನ್ನ ಪುಟ್ಟ ಗ್ಯಾಸ್ ಕುಲುಮೆಯಲ್ಲೂ ಇದು ಕೈಕೊಟ್ಟದ್ದಿಲ್ಲ. ಆಮೇಲೆ ಅಲಗಿನ ಪೆಡಸುತನ ಇಳಿಸಲು ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಎರಡೆರಡು ಗಂಟೆ, ಎರಡು ಸಲ. ಹೀಗೆ ಮಾಡಿದ ಮೊದಲ ಚಾಕು ಈಗಲೂ ದಿನಾ ತರಕಾರಿ ಹೆಚ್ಚುತ್ತಿದೆ. ಮೈಯೆಲ್ಲ ಬೂದು ಬಣ್ಣಕ್ಕೆ ತಿರುಗಿದೆ, ತೊಳೆದ ಕೂಡಲೇ ಒರೆಸದಿದ್ದರೆ ತುಕ್ಕು ಹಿಡಿಯುತ್ತದೆ. ಆದರೆ ಸಾಣೆಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಹರಿತ ಮರಳುತ್ತದೆ.

1095 ಹೆಸರಿಗೆ ಅದರ ಅಣ್ಣನಂತಿದ್ದರೂ ಸ್ವಭಾವ ಬೇರೆ. ಮ್ಯಾಂಗನೀಸ್ ಕಡಿಮೆ ಇರುವುದರಿಂದ ಒಂದು ಸೆಕೆಂಡಿನ ಆಸುಪಾಸಿನಲ್ಲೇ 540 ಡಿಗ್ರಿಗಿಂತ ಕೆಳಗೆ ತಣಿಯಬೇಕು. ಅಡುಗೆ ಎಣ್ಣೆಯಲ್ಲಿ ಅದ್ದಿದ ಮೊದಲನೆಯದು ಮೆತ್ತಗೇ ಉಳಿಯಿತು. ಎರಡನೆಯದನ್ನು ನೀರಿಗಿಳಿಸಿದೆ. ‘ಟಿಣ್’ ಎಂಬ ಸದ್ದಾಯಿತು, ಬಾಯಿಂದ ಬೆನ್ನಿನವರೆಗೆ ಬಿರುಕು. ಮೂರು ದಿನದ ಕೆಲಸ ಅದು, ಆ ಸದ್ದು ಇನ್ನೂ ಕಿವಿಯಲ್ಲಿದೆ. ವೇಗವಾಗಿ ತಣಿಸುವ ಎಣ್ಣೆ ನಿಮ್ಮಲ್ಲಿಲ್ಲದಿದ್ದರೆ 1095 ಬೇಡ.

ಓ1 ತುಂಬಾ ಒಳ್ಳೆಯ ಉಕ್ಕು, ಆದರೆ 800 ಡಿಗ್ರಿಯ ಹತ್ತಿರ ಹತ್ತು ಹದಿನೈದು ನಿಮಿಷ ಅಲುಗಾಡದೆ ನಿಲ್ಲುವ ಶಾಖ ಬೇಕು. ಗೆಳೆಯರೊಬ್ಬರ ವಿದ್ಯುತ್ ಕುಲುಮೆಯಲ್ಲಿ ಹದ ಮಾಡಿದ ಒಂದು ಅಲಗು ನನ್ನಲ್ಲಿರುವ ಎಲ್ಲಕ್ಕಿಂತ ನುಣ್ಣನೆಯ ಬಾಯಿ ಹಿಡಿಯಿತು. ನನ್ನ ಕುಲುಮೆಯಲ್ಲಿ ಮಾಡಿದವು ಒಂದೊಂದು ಒಂದೊಂದು ಥರ. ಲಾರಿ ಪಟ್ಟಿಯನ್ನು ಬಿಟ್ಟೇಬಿಟ್ಟೆ. ಬಳಸಿ ದಣಿದ ಲೋಹದೊಳಗಿನ ಸೂಕ್ಷ್ಮ ಬಿರುಕು ಕಣ್ಣಿಗೆ ಬೀಳುವುದು ಉಜ್ಜಿ ಮುಗಿಸಿದ ಮೇಲೆಯೇ.

ಪಟ್ಟಿ ಕತ್ತರಿಸಲು ನನಗೆ ಹ್ಯಾಕ್ಸಾ, ಅಂದರೆ ಲೋಹ ಕೊಯ್ಯುವ ಕೈಗರಗಸ ಸಾಕು. 3 ಮಿ.ಮೀ. ಪಟ್ಟಿಗೆ ಇಂಚಿಗೆ 24 ಹಲ್ಲಿನ ಬೈಮೆಟಲ್ (ಎರಡು ಲೋಹ ಬೆಸೆದ) ಬ್ಲೇಡ್ ಹಾಕುತ್ತೇನೆ; ದಪ್ಪದೊಳಗೆ ಹೆಚ್ಚುಕಡಿಮೆ ಮೂರು ಹಲ್ಲು ಕೂರುವುದರಿಂದ ಹಲ್ಲು ಮುರಿಯುವುದಿಲ್ಲ. ಗ್ರೈಂಡರ್ ಡಿಸ್ಕ್ ಬೇಗ ಕತ್ತರಿಸುತ್ತದೆ ನಿಜ, ಆದರೆ ಕಾದ ಅಂಚು ಅಲ್ಲೇ ತಣಿದು ಗಡುಸಾಗುತ್ತದೆ, ಆಮೇಲೆ ಅರ ಹಿಡಿಯುವುದಿಲ್ಲ. ಹಿಡಿಯ ತೂತುಗಳನ್ನೆಲ್ಲ ಹದಕ್ಕೆ ಮೊದಲೇ, ನಿಧಾನ ವೇಗದಲ್ಲಿ, ಎಣ್ಣೆ ಬಿಟ್ಟು ಕೊರೆಯಿರಿ.

ಹಣ ಸುರಿಯುವುದಾದರೆ ಅಲಗು ಉಜ್ಜುವ ಯಂತ್ರದ ಮೇಲೆ ತಿರುಗುವ, ಉಜ್ಜುಕಾಗದದಂಥ ಬೆಲ್ಟಿಗೆ ಸುರಿಯಿರಿ. ಮೊದಲ ಎರಡು ವರ್ಷ ಸಾಮಾನ್ಯ ಅಲ್ಯೂಮಿನಿಯಂ ಆಕ್ಸೈಡ್ ಬೆಲ್ಟುಗಳಲ್ಲೇ ಒದ್ದಾಡಿದೆ. 36 ಗ್ರಿಟ್‌ನ, ಅಂದರೆ ಒರಟು ಹರಳಿನ ಸೆರಾಮಿಕ್‌ಗೆ ಬದಲಾದ ದಿನ, ಅರ್ಧ ದಿನದ ಉಜ್ಜುವಿಕೆ ಒಂದು ಗಂಟೆಗೆ ಇಳಿಯಿತು. ಒತ್ತಡ ಬಿದ್ದಾಗ ಸೆರಾಮಿಕ್ ಹರಳು ಸಣ್ಣದಾಗಿ ಒಡೆದು ಹೊಸ ಮೊನೆ ತೋರುತ್ತದೆ. ಅದಕ್ಕಾಗಿಯೇ ಮೆಲ್ಲಗೆ ಹಿಡಿದರೆ ಅದು ಒಡೆಯದೆ ನುಣುಪಾಗಿ ಬೇಗ ಸಾಯುತ್ತದೆ. ವೇಗ ಇರಲಿ, ಗಟ್ಟಿಯಾಗಿ ಒತ್ತಿ.

ಹದವಾದ ಅಲಗಿಗೆ ಮಾತ್ರ ಸವೆದ ಬೆಲ್ಟ್ ತಾಗಿಸಬೇಡಿ. ಅದು ಕತ್ತರಿಸುವ ಬದಲು ಕಾಯಿಸುತ್ತದೆ. ಬಾಯಿಯಲ್ಲಿ ನೀಲಿ ಕಂಡಿತೆಂದರೆ 300 ಡಿಗ್ರಿ ಮುಟ್ಟಿತು, ಅಲ್ಲಿ ಹದ ಹೋಯಿತು. ನಾನು ಕೈಗವಸು ತೆಗೆದು ಬರಿಗೈಯಲ್ಲಿ ಹಿಡಿಯುತ್ತೇನೆ. ಬೆರಳಿಗೆ ಬಿಸಿ ತಟ್ಟಿದ ಕೂಡಲೇ ಅಲಗು ನೀರಿಗೆ.