ಹೆಸರು ಒಂದೇ, ಫೋನು ಬೇರೆ: ಘಟ್ಟದ ಮೇಲೂ ಕೆಳಗೂ ಮೂರು ಮಳೆಗಾಲ ಬಳಸಿದ ಮೇಲೆ

ಡಬ್ಬಿಯ ಮೇಲಿನ ಹೆಸರನ್ನಷ್ಟೇ ನೋಡಿ ಫೋನು ಕೊಳ್ಳಬೇಡಿ. ಶಿರಸಿ, ಕುಮಟಾ, ಕಾರವಾರದ ನಡುವೆ ಓಡಾಡುವವರಿಗೆ ಮೆಗಾಪಿಕ್ಸೆಲ್ಲಿಗಿಂತ ಎರಡು ಸಂಗತಿ ಮುಖ್ಯ. ಫೋನು ಯಾವ ಬ್ಯಾಂಡುಗಳನ್ನು (ಸಿಗ್ನಲ್ ಸಾಗುವ ಆವರ್ತನದ ಪಟ್ಟಿಗಳನ್ನು) ಹಿಡಿಯುತ್ತದೆ, ಮತ್ತು ಕಂಪನಿಯ ಯುಐ (ಆಂಡ್ರಾಯ್ಡ್ ಮೇಲೆ ಕಂಪನಿ ಹೊದಿಸುವ ತನ್ನದೇ ತಂತ್ರಾಂಶ) ಹಿನ್ನೆಲೆಯ ಆ್ಯಪ್‌ಗಳನ್ನು ಬದುಕಲು ಬಿಡುತ್ತದೆಯೇ ಎಂಬುದು.

ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಈಗಲೂ ಸಿಗುವ ಗ್ಯಾಲಕ್ಸಿ ಎಸ್20 ಎಫ್‌ಇ ನೋಡಿ. 2020ರಲ್ಲಿ ಇಲ್ಲಿಗೆ ಬಂದ 4ಜಿ ಫೋನಿನಲ್ಲಿ ಎಕ್ಸಿನೋಸ್ 990 ಚಿಪ್ ಇದ್ದರೆ, 2021ರ 5ಜಿಯಲ್ಲಿ ಸ್ನಾಪ್‌ಡ್ರಾಗನ್ 865. ಹೊರಗಿನಿಂದ ನೋಡಿದರೆ ಅವಳಿ ಜವಳಿ. ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ಎಸ್‌ಎಂ-ಜಿ780ಎಫ್ ಎಂದಿದ್ದರೆ ಎಕ್ಸಿನೋಸ್, ಎಸ್‌ಎಂ-ಜಿ781ಬಿ ಎಂದಿದ್ದರೆ ಸ್ನಾಪ್‌ಡ್ರಾಗನ್. ಕೊಡುವುದೇ ಆದರೆ ಎರಡನೆಯದಕ್ಕೆ ದುಡ್ಡು ಕೊಡಿ. ರೆಡ್ಮಿ ನೋಟ್ 12ರದೂ ಇದೇ ಕಥೆ: 4ಜಿಯಲ್ಲಿ ಸ್ನಾಪ್‌ಡ್ರಾಗನ್ 685, 5ಜಿಯಲ್ಲಿ 4 ಜೆನ್ 1. ಗ್ಯಾಲಕ್ಸಿ ಎಸ್23ರಲ್ಲಿ ಚಿಪ್ ಒಂದೇ, ಆದರೆ 128 ಜಿಬಿಯಲ್ಲಿರುವುದು ಯುಎಫ್‌ಎಸ್ 3.1 ಬಗೆಯ ಸ್ಟೋರೇಜು, 256 ಜಿಬಿಯಲ್ಲಿರುವುದು ಅದಕ್ಕಿಂತ ವೇಗದ 4.0. ‘8+8 ಜಿಬಿ ರ‍್ಯಾಮ್’ ಎಂಬ ಬರಹಕ್ಕಂತೂ ಬೆಲೆ ಕೊಡಲೇಬೇಡಿ. ಎರಡನೆಯ 8 ಎಂದರೆ ಸ್ಟೋರೇಜಿನಿಂದ ಎರವಲು ಪಡೆದ ಜಾಗ ಅಷ್ಟೇ.

ಭಟ್ಕಳ, ಹೊನ್ನಾವರದ ಕಡೆ ಗಲ್ಫಿನಿಂದ ಬರುವ ಫೋನುಗಳು ಬಹಳ. ದುಬೈ, ಸೌದಿ, ಕುವೈತ್, ಕತಾರ್‌ಗಳಲ್ಲಿ ಮಾರುವ ಐಫೋನ್ 17ಕ್ಕೆ ಸಿಮ್ ಟ್ರೇಯೇ ಇಲ್ಲ, ಬರೀ ಇ-ಸಿಮ್ (ಫೋನಿನೊಳಗೇ ಇರುವ, ಕಾರ್ಡಿಲ್ಲದ ಸಿಮ್). ಊರಿಗೆ ತಂದ ಮೇಲೆ ಕೈಯಲ್ಲಿರುವ ಸಿಮ್ಮನ್ನು ಇ-ಸಿಮ್‌ಗೆ ಬದಲಾಯಿಸಲೇಬೇಕು. ಹಳೆಯ ಫೋನಿನಲ್ಲಿ ಸಿಮ್ ಚಾಲ್ತಿಯಲ್ಲಿರುವಾಗಲೇ ಆ ಕೆಲಸ ಮುಗಿಸಿ.

ಇನ್ನು ಸಿಗ್ನಲ್. ದೇವಿಮನೆ ಘಟ್ಟ, ಅಣಶಿ, ಸಿದ್ದಾಪುರದ ಕಣಿವೆಯ ತೋಟಗಳಲ್ಲಿ ದೂರ ಮುಟ್ಟುವುದು ಕಡಿಮೆ ಆವರ್ತನದ ಅಲೆ. ಬಿಎಸ್‌ಎನ್‌ಎಲ್ 4ಜಿಯ 700 ಮೆಗಾಹರ್ಟ್ಸ್ ಬ್ಯಾಂಡ್ 28, ಜಿಯೊ 4ಜಿಯ 850ರ ಬ್ಯಾಂಡ್ 5, ಜಿಯೊ 5ಜಿಯ ಎನ್28 (ಇದೂ 700ರದೇ): ನಿಮ್ಮ ನೆಟ್‌ವರ್ಕಿಗೆ ತಕ್ಕದ್ದು ಫೋನಿನಲ್ಲಿ ಇರಲೇಬೇಕು. ಕಂಪನಿಯ ಪುಟದಲ್ಲಿ ಪೂರ್ತಿ ಮಾಡೆಲ್ ನಂಬರ್ ಹಾಕಿ ನೋಡಿ. ಈಗ ಯಾವ ಬ್ಯಾಂಡಿನಲ್ಲಿದ್ದೀರಿ ಎಂದು ತಿಳಿಯಲು ಹೆಚ್ಚಿನ ಸ್ಯಾಮ್‌ಸಂಗ್ ಫೋನುಗಳಲ್ಲಿ *#0011# ಒತ್ತಿದರಾಯಿತು. ಸಿಗ್ನಲ್ ಕಡ್ಡಿ ಒಂದಕ್ಕಿಳಿದಾಗ ಮೋಡೆಮ್ ಜೋರಾಗಿ ಕೂಗಬೇಕಾಗುತ್ತದೆ, ಅದಕ್ಕೇ ಘಟ್ಟದ ದಾರಿಯಲ್ಲಿ ಫೋನು ಬಿಸಿಯಾಗುವುದು, ಬ್ಯಾಟರಿ ಇಳಿಯುವುದು. 5ಜಿ ಬಂದು ಹೋಗಿ ಮಾಡುವ ಊರಿನಲ್ಲಿ ನೆಟ್‌ವರ್ಕ್ ಮೋಡನ್ನು 4ಜಿಗೆ ನಿಲ್ಲಿಸಿಬಿಡಿ. ಮನೆಗೆ ಫೈಬರ್ ಬಂದಿದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. ಜಗುಲಿಯ ತುದಿಗೆ ಹೋಗಿ ನಿಂತು ಮಾತಾಡುವುದು ತಪ್ಪುತ್ತದೆ.

ಯುಐ ವಿಷಯದಲ್ಲಿ ಹೆಚ್ಚು ಜನ ಎಡವುವುದು ಬ್ಯಾಟರಿ ಉಳಿಸುವ ವ್ಯವಸ್ಥೆಯಲ್ಲಿ. ಅಡಿಕೆ ಧಾರಣೆಯ ವಾಟ್ಸಾಪ್ ಸಂದೇಶ ಬೆಳಿಗ್ಗೆ ಬಂದಿರುತ್ತದೆ, ಆ್ಯಪ್ ತೆರೆದಾಗಲೇ ಹತ್ತೆಂಟು ಒಟ್ಟಿಗೆ ಸುರಿಯುತ್ತವೆ. ದೋಣಿಯಲ್ಲಿ ಜಿಪಿಎಸ್ ದಾರಿ ಗುರುತು ಮಾಡುವ ಆ್ಯಪ್ ಪರದೆ ಆರಿದ ಸ್ವಲ್ಪ ಹೊತ್ತಿಗೆ ನಿಂತಿರುತ್ತದೆ. ತಪ್ಪು ಆ್ಯಪಿನದಲ್ಲ, ಅದನ್ನು ಮಲಗಿಸಿದ ಯುಐನದು. ಸ್ಯಾಮ್‌ಸಂಗ್‌ನ ಒನ್ ಯುಐನಲ್ಲಿ ಬ್ಯಾಟರಿ, ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್, ನೆವರ್ ಆಟೊ ಸ್ಲೀಪಿಂಗ್ ಆ್ಯಪ್ಸ್ ಪಟ್ಟಿಗೆ ಸೇರಿಸಿ, ಅದೊಂದೇ ಸಾಕಾಗುತ್ತದೆ. ಶಿಯೋಮಿ, ರೆಡ್ಮಿಗಳ ಹೈಪರ್‌ಓಎಸ್‌ನಲ್ಲಿ ಮೂರು ಕಡೆ ಕೈಯಾಡಿಸಬೇಕು: ಆ್ಯಪ್ ಇನ್ಫೊದಲ್ಲಿ ಆಟೊಸ್ಟಾರ್ಟ್ ಆನ್, ಬ್ಯಾಟರಿ ಸೇವರ್‌ನಲ್ಲಿ ನೋ ರಿಸ್ಟ್ರಿಕ್ಷನ್ಸ್, ರೀಸೆಂಟ್ಸ್‌ನಲ್ಲಿ ಆ್ಯಪ್ ಕಾರ್ಡನ್ನು ಒತ್ತಿಹಿಡಿದು ಬೀಗ. ಒಪ್ಪೊದ ಕಲರ್‌ಓಎಸ್, ರಿಯಲ್‌ಮಿ ಯುಐ, ಒನ್‌ಪ್ಲಸ್‌ನ ಆಕ್ಸಿಜನ್‌ಓಎಸ್ ಮೂರರ ಬುಡವೂ ಒಂದೇ ಆದ್ದರಿಂದ ದಾರಿಯೂ ಹೆಚ್ಚುಕಡಿಮೆ ಒಂದೇ: ಬ್ಯಾಟರಿ ಯೂಸೇಜ್‌ಗೆ ಹೋಗಿ ಬ್ಯಾಕ್‌ಗ್ರೌಂಡ್ ಆ್ಯಕ್ಟಿವಿಟಿ ಮತ್ತು ಆಟೊ ಲಾಂಚ್ ಎರಡನ್ನೂ ಆನ್ ಮಾಡಿ. ದೊಡ್ಡ ಅಪ್‌ಡೇಟ್ ಆದಾಗಲೆಲ್ಲ ಇವನ್ನು ಇನ್ನೊಮ್ಮೆ ನೋಡಿ. ಎಲ್ಲ ಆ್ಯಪಿಗೂ ಹೀಗೆ ಮಾಡಿದರೆ ಬ್ಯಾಟರಿ ಉಳಿಯದು, ನಾಲ್ಕೈದಕ್ಕೆ ಸಾಕು.

ಹೈಪರ್‌ಓಎಸ್‌ನ ಜಾಹೀರಾತು ಕಡಿಮೆಯಾಗಬೇಕೆಂದರೆ ಆಥರೈಸೇಶನ್ ಆ್ಯಂಡ್ ರಿವೊಕೇಶನ್‌ಗೆ ಹೋಗಿ ಎಂಎಸ್‌ಎ (ಜಾಹೀರಾತು ತೋರಿಸುವ ಒಳಗಿನ ಆ್ಯಪ್) ಆಫ್ ಮಾಡಿ. ಇಂಟರ್ನೆಟ್ ಆನ್ ಇರಬೇಕು, 10 ಸೆಕೆಂಡ್ ಕಾಯಬೇಕು, ಮೊದಲ ಸಲ ಆಗದಿದ್ದರೆ ಮತ್ತೆ ಒತ್ತಬೇಕು.

ಕಡೆಯದಾಗಿ ಉಪ್ಪುನೀರು. ಎಸ್23ರ ಐಪಿ68 (ನೀರು, ಧೂಳು ತಡೆಯುವ ಮಟ್ಟ) ಎಂದರೆ ಸಿಹಿನೀರಿನಲ್ಲಿ 1.5 ಮೀಟರ್ ಆಳ, 30 ನಿಮಿಷ. ಕಾರವಾರದ ಕಡಲಿಗೆ ಅದು ಅನ್ವಯಿಸದು. ಅಂಥ ಫೋನಿಗೆ ಅಲೆಯ ನೀರು ಬಿದ್ದರೆ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ಕಿಂಡಿ ಕೆಳಗೆ ಮಾಡಿ ತಟ್ಟಿ, ಫ್ಯಾನಿನ ಗಾಳಿಗಿಡಿ. ಒದ್ದೆ ಟೈಪ್-ಸಿ ಕಿಂಡಿಗೆ ಚಾರ್ಜರ್ ಚುಚ್ಚಿದರೆ ಉಪ್ಪು ಮತ್ತು ವಿದ್ಯುತ್ ಸೇರಿ ಪಿನ್ನುಗಳು ಹಸಿರುಗಟ್ಟುತ್ತವೆ. ಅವಸರವಿದ್ದರೆ, ಫೋನಿನಲ್ಲಿ ಸೌಲಭ್ಯವಿದ್ದರೆ, ಹಿಂಬದಿ ಒರೆಸಿ ವೈರ್‌ಲೆಸ್ ಚಾರ್ಜರಿನ ಮೇಲಿಡಿ.