ಪೊರಕೆ ಹತ್ತಿದರೂ ಹಾರಲಾಗದ ಹುಡುಗಿ

ಹದಿನಾರು ವರ್ಷದಿಂದ ತುಮಕೂರಿನ ನಮ್ಮ ಮನೆಯಲ್ಲೇ ಗಣಿತದ ಟ್ಯೂಷನ್ ಮಾಡುತ್ತಿದ್ದೇನೆ. ಪ್ರತಿ ಬ್ಯಾಚ್‌ನಲ್ಲೂ ಅಂಥ ಒಂದು ಮಗು ಇದ್ದೇ ಇರುತ್ತದೆ. ಎಲ್ಲರಿಗಿಂತ ಮೊದಲು ಬರುತ್ತದೆ, ಮುಂದಿನ ಸಾಲಲ್ಲೇ ಕೂರುತ್ತದೆ, ಎಲ್ಲ ಪ್ರಶ್ನೆಗೂ ಕೈ ಎತ್ತುತ್ತದೆ. ಉತ್ತರ ಮಾತ್ರ ತಪ್ಪಾಗಿರುತ್ತದೆ. ‘ಲಿಟಲ್ ವಿಚ್ ಅಕಾಡೆಮಿಯಾ’ ಎಂಬ ಅನಿಮೆಯ (ಜಪಾನಿ ಕಾರ್ಟೂನ್ ಸರಣಿಯ) ನಾಯಕಿ ಅಕ್ಕೋಳನ್ನು ನೋಡಿದಾಗ ನನಗೆ ಆ ಮಕ್ಕಳ ಮುಖಗಳೇ ಕಣ್ಮುಂದೆ ಬಂದವು.

ನಾನು ಅನಿಮೆ ನೋಡುವವಳಲ್ಲ. ಏಳನೇ ಕ್ಲಾಸಿನ ಮಗಳು ರಜೆಯಲ್ಲಿ ಶುರು ಮಾಡಿದಳು, ಜೊತೆಗೆ ಕೂತೆ. ಜಪಾನಿ ಧ್ವನಿ, ಇಂಗ್ಲಿಷ್ ಸಬ್‌ಟೈಟಲ್. ನಮ್ಮ ಅತ್ತೆಯೂ ಅಲ್ಲೇ ಇರುತ್ತಿದ್ದರಿಂದ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಮೊದಲು ‘ಮಾಟಗಾತಿ’ ಅಂದೆ. ಅತ್ತೆ ಮುಖ ಸಿಂಡರಿಸಿದರು. ನಮ್ಮ ಕಥೆಗಳಲ್ಲಿ ಮಾಟಗಾತಿ ಅಂದರೆ ಕೆಟ್ಟವಳೇ ಅಲ್ವಾ? ಇಲ್ಲಿ ನೋಡಿದರೆ ಹೋಮ್‌ವರ್ಕ್ ಮಾಡದೆ ಬೈಸಿಕೊಳ್ಳುವ ಹುಡುಗಿಯರು. ಕೊನೆಗೆ ‘ವಿಚ್’ ಅಂತಲೇ ಉಳಿಸಿಕೊಂಡೆವು. ಎರಡನೇ ದಿನ ಮಗಳು ಪೊರಕೆ ಹತ್ತಿ ಹಾಲ್‌ನಲ್ಲಿ ಓಡಾಡಿದಾಗ ಅತ್ತೆ, ‘ಲಕ್ಷ್ಮಿ ಕಣೇ ಅದು, ಅದರ ಮೇಲೆ ಕೂರ್ತಾರಾ?’ ಎಂದು ಕಿತ್ತುಕೊಂಡು ಬಾಗಿಲ ಹಿಂದೆ ಇಟ್ಟರು. ಅದೇ ಅತ್ತೆ ಹತ್ತನೇ ಎಪಿಸೋಡ್ ಹೊತ್ತಿಗೆ, ‘ಆ ಹುಡುಗಿ ಇವತ್ತಾದರೂ ಹಾರಿದಳಾ?’ ಎಂದು ಕೇಳುತ್ತಿದ್ದರು.

ಕಥೆ ಇಷ್ಟು. ಅಕ್ಕೋ, ಅಂದರೆ ಅತ್ಸುಕೊ ಕಗಾರಿ, ಚಿಕ್ಕವಳಿದ್ದಾಗ ಶೈನಿ ಚಾರಿಯಟ್ ಎಂಬ ವಿಚ್‌ಳ ಪ್ರದರ್ಶನ ನೋಡಿ ಮರುಳಾಗಿರುತ್ತಾಳೆ. ಅವಳ ಮನೆಯಲ್ಲಿ ಯಾರಿಗೂ ಮಂತ್ರವಿದ್ಯೆ ಗೊತ್ತಿಲ್ಲ. ಆದರೂ ಜಪಾನಿನಿಂದ ದೂರದ ಲೂನಾ ನೋವಾ ಶಾಲೆಗೆ ಬಂದು ಸೇರುತ್ತಾಳೆ. ಅಲ್ಲಿ ಪೊರಕೆ ಮೇಲೆ ಹಾರುವುದು ಅ ಆ ಇ ಈ ಇದ್ದ ಹಾಗೆ. ಇವಳಿಗೆ ಅದೇ ಬರುವುದಿಲ್ಲ. ಕ್ಲಾಸಿನವರೆಲ್ಲ ಮೇಲೆದ್ದು ಹೋಗುತ್ತಾರೆ. ಇವಳು ಮೈದಾನದಲ್ಲಿ ಪೊರಕೆ ಹಿಡಿದು, ಮಂತ್ರ ಕೂಗಿ, ಕುಪ್ಪಳಿಸಿ, ಮತ್ತೆ ನೆಲಕ್ಕೇ ಬೀಳುತ್ತಾಳೆ.

ಈ ಅನಿಮೆಯ ದೊಡ್ಡ ಶಕ್ತಿ ಇದೇ. ಸಾಮಾನ್ಯವಾಗಿ ಇಂಥ ಕಥೆಗಳಲ್ಲಿ ನಾಲ್ಕನೇ ಎಪಿಸೋಡಿಗೇ ನಾಯಕಿಯ ಒಳಗೆ ಅಡಗಿದ್ದ ಮಹಾಶಕ್ತಿ ಹೊರಗೆ ಬಂದುಬಿಡುತ್ತದೆ. ಇಲ್ಲಿ 25 ಎಪಿಸೋಡ್ ಇದ್ದರೂ ಆ ಅವಸರ ಇಲ್ಲ. ಶೈನಿ ರಾಡ್ ಎಂಬ ದಂಡ ಅವಳ ಕೈಗೆ ಸಿಗುತ್ತದೆ, ನಿಜ. ಅದು ಯಾವಾಗಲೋ ಒಮ್ಮೆ ಬೆಳಗುತ್ತದೆ. ಮಾರನೇ ದಿನ ಅಕ್ಕೋ ಮತ್ತೆ ಕ್ಲಾಸಿಗೆ ಕೊನೆಯವಳೇ.

ಎರಡನೇ ಎಪಿಸೋಡ್ ಬಗ್ಗೆ ಹೇಳಲೇಬೇಕು. ಶಾಲೆಯ ಹಳೇ ಮರವೊಂದು ಒಣಗುತ್ತಿರುತ್ತದೆ. ಕ್ಲಾಸಿಗೆ ಮೊದಲಿಗಳಾದ ಡಯಾನಾ, ಮರಕ್ಕೆ ಹುಳ ಹತ್ತಿದೆ ಎಂದುಕೊಂಡು ಮದ್ದು ಮಾಡುತ್ತಾಳೆ. ಅಕ್ಕೋ ಕೈಯಲ್ಲಿರುವುದು ಚಾರಿಯಟ್‌ಳ ಹಳೇ ಕಾರ್ಡುಗಳು, ಮಕ್ಕಳು ಕೂಡಿಡುತ್ತಾರಲ್ಲ ಅಂಥವು. ಅದರಲ್ಲೊಂದು ಚಿತ್ರ ನೋಡಿ ಅವಳಿಗೆ ಹೊಳೆಯುತ್ತದೆ: ಮರದಲ್ಲಿರುವುದು ಪೀಡೆಯಲ್ಲ, 120 ವರ್ಷಕ್ಕೊಮ್ಮೆ ಒಡೆಯುವ ಚಿಟ್ಟೆಯ ಗೂಡು. ಅಡ್ಡ ನಿಂತು ಕಾಪಾಡುತ್ತಾಳೆ. ಗೂಡು ಒಡೆದು ಚಿಟ್ಟೆಗಳು ಆಕಾಶ ತುಂಬುವಾಗ ಕ್ಯಾಮೆರಾ ಒಂದು ಕ್ಷಣ ಡಯಾನಾಳ ಕಡೆ ತಿರುಗುತ್ತದೆ. ಸೋತ ಸಿಟ್ಟು ಇರಬೇಕಿದ್ದ ಕಡೆ ಬೇರೆ ಏನೋ ಇದೆ. ಅದೇನು ಅಂತ ತಿಳಿಯಲು ಇಪ್ಪತ್ತಕ್ಕೂ ಹೆಚ್ಚು ಎಪಿಸೋಡ್ ಕಾಯಬೇಕು. ಲೆಕ್ಕ ಬಾರದ ನನ್ನ ಹುಡುಗನೊಬ್ಬ ಕರ್ನಾಟಕದ ಹಕ್ಕಿಗಳ ಹೆಸರನ್ನೆಲ್ಲ ಗಡಗಡ ಹೇಳುತ್ತಿದ್ದ. ಈ ದೃಶ್ಯದಲ್ಲಿ ಅವನೇ ನೆನಪಾದ.

ಅಕ್ಕೋಳ ಕೋಣೆಯ ಗೆಳತಿಯರಿಬ್ಬರೂ ಅವರವರ ಪಾಡಿಗೆ ಪೂರ್ತಿ ಮನುಷ್ಯರು. ಲೊಟ್ಟೆ ಫಿನ್ಲೆಂಡಿನವಳು, ಕನ್ನಡಕದ ಮೆತ್ತಗಿನ ಹುಡುಗಿ, 365 ಸಂಪುಟಗಳ ಕಾದಂಬರಿಯೊಂದರ ಹುಚ್ಚು ಅಭಿಮಾನಿ. ಅದನ್ನು ಮುಂದೆ ಬರೆಯುವ ಅವಕಾಶವೇ ಅವಳ ಎದುರಿಗೆ ಬರುತ್ತದೆ. ಬೇಡ, ನನಗೆ ಓದುಗಳಾಗಿರುವುದೇ ಇಷ್ಟ ಅನ್ನುತ್ತಾಳೆ. ಎಷ್ಟು ಚೆಂದ ಅಲ್ವಾ! ಸೂಸಿಗೆ ಅಣಬೆ, ವಿಷ ಇವೇ ಪ್ರಾಣ. ಅಕ್ಕೋ ಮೇಲೇ ಪ್ರಯೋಗ ಮಾಡುತ್ತಾಳೆ. ಎಂಟನೇ ಎಪಿಸೋಡಿನಲ್ಲಿ ಅಕ್ಕೋ ಅವಳ ಮನಸ್ಸಿನ ಒಳಗೇ ಇಳಿಯುತ್ತಾಳೆ. ಅಲ್ಲಿ ಸೂಸಿಯ ಒಂದೊಂದು ಚಿಕ್ಕ ಆಸೆಯೂ ಒಬ್ಬೊಬ್ಬ ಸೂಸಿಯಾಗಿ ಕಟಕಟೆಯಲ್ಲಿ ನಿಂತಿರುತ್ತದೆ. ವಿಚಾರಣೆ ಆಗುತ್ತದೆ, ಶಿಕ್ಷೆ ಆಗುತ್ತದೆ. ಮಾತಿಲ್ಲದ ಮಗುವಿನ ತಲೆಯೊಳಗೆ ಏನೇನು ನಡೆಯುತ್ತಿರುತ್ತದೋ ಎಂದು ನಾನು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಇಡೀ ಸರಣಿಯಲ್ಲಿ ಅತ್ಯುತ್ತಮ ಎಪಿಸೋಡ್ ಇದೇ.

ಚಿತ್ರಗಳ ಬಗ್ಗೆ ಒಂದು ಮಾತು. ಇದು ಟ್ರಿಗರ್ ಸ್ಟುಡಿಯೋ ಕೆಲಸ, ನಿರ್ದೇಶಕ ಯೋ ಯೋಶಿನಾರಿ. ಟಿವಿ ಸರಣಿ ಬಂದಿದ್ದು 2017ರಲ್ಲಿ. ಅದಕ್ಕೂ ಮೊದಲು, 2013ರಲ್ಲಿ, ಹೊಸ ಆ್ಯನಿಮೇಟರ್‌ಗಳನ್ನು ತಯಾರು ಮಾಡಲು ಜಪಾನ್ ಸರ್ಕಾರದ ನೆರವಿನ ಯೋಜನೆಯಲ್ಲಿ ಇದು ಸುಮಾರು ಅರ್ಧ ಗಂಟೆಯ ಕಿರುಚಿತ್ರವಾಗಿತ್ತು. ಕಲಿಯುವವರು ಸೇರಿ ಮಾಡಿದ, ಕಲಿಯುವವಳ ಕಥೆ! ಜನರಿಗೆ ಎಷ್ಟು ಹಿಡಿಸಿತೆಂದರೆ, ಎರಡನೇ ಚಿತ್ರಕ್ಕೆ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ವೆಬ್‌ಸೈಟ್‌ನಲ್ಲಿ 1.5 ಲಕ್ಷ ಡಾಲರ್ ಕೇಳಿದರೆ 6 ಲಕ್ಷಕ್ಕೂ ಜಾಸ್ತಿ ಬಂತು. ಆ ಕಿರುಚಿತ್ರದ ಚುರುಕು ಟಿವಿ ಸರಣಿಯ ಎಲ್ಲ ಕಡೆ ಇಲ್ಲ. ಕೆಲವು ಎಪಿಸೋಡಿನಲ್ಲಿ ಮುಖಗಳು ಸಪ್ಪೆ. ಆದರೆ ಅಕ್ಕೋ ಎಡವುವುದು, ಬಾಯಿ ಬಿಟ್ಟು ಅಳುವುದು, ಸುಳ್ಳು ಹೇಳುವಾಗ ಕಣ್ಣು ತಿರುಗಿಸುವುದು ಕೊನೇವರೆಗೂ ಜೀವಂತವಾಗಿದೆ. ಮಿಚಿರು ಓಶಿಮಾ ಸಂಗೀತವೂ ಸೊಗಸು.

ಈಗ ಬೇಸರದ ವಿಷಯ. ಕಥೆಯ ಗುಟ್ಟು ಬೇಡ ಅನ್ನುವವರು ಎರಡು ಪ್ಯಾರಾ ಬಿಟ್ಟು ಓದಿ.

ಅರ್ಧ ಸರಣಿ ಮುಗಿದ ಮೇಲೆ ಕ್ರೋವಾ ಎಂಬ ಹೊಸ ಟೀಚರ್ ಬರುತ್ತಾಳೆ. ಮಂತ್ರಕ್ಕೆ ತಂತ್ರಜ್ಞಾನ ಬೆರೆಸುವವಳು. ವಿಚಾರ ಚೆನ್ನಾಗಿದೆ. ಆದರೆ ಜನರ ಸಿಟ್ಟನ್ನು ಇಂಧನ ಮಾಡಿಕೊಳ್ಳುವುದು, ಫುಟ್‌ಬಾಲ್ ಪಂದ್ಯದ ಜಗಳ ಎರಡು ದೇಶಗಳ ನಡುವೆ ಹತ್ತಿಕೊಳ್ಳುವುದು, ಕೊನೆಗೆ ಕ್ಷಿಪಣಿ, ಎಲ್ಲವನ್ನೂ ಗಡಿಬಿಡಿಯಲ್ಲಿ ತುರುಕಿದ್ದಾರೆ. ಈ ಗದ್ದಲದಲ್ಲಿ ಲೊಟ್ಟೆ, ಸೂಸಿ ಮೂಲೆಗೆ ಸರಿಯುತ್ತಾರೆ. ಯಾಸ್ಮಿಂಕಾ ಎಂಬ ಹುಡುಗಿ ಪೂರ್ತಿ ಸರಣಿ ತಿನ್ನುತ್ತಲೇ ಇರುತ್ತಾಳೆ, ಅವಳ ಕಥೆ ಬರುವುದೇ ಇಲ್ಲ. ಆಂಡ್ರೂ ಎಂಬ ಹುಡುಗ ಯಾಕೆ ಇದ್ದಾನೋ ನನಗೆ ಅರ್ಥವಾಗಲಿಲ್ಲ.

ಇವನ್ನೆಲ್ಲ ಸಹಿಸಬಹುದು. ನನಗೆ ನಿಜವಾಗಿ ನೋವಾಗಿದ್ದು 22ನೇ ಎಪಿಸೋಡ್. ಅಕ್ಕೋಗೆ ಹಾರಲು ಬಾರದಿರುವುದಕ್ಕೆ ಒಂದು ಕಾರಣ ಕೊಟ್ಟುಬಿಡುತ್ತಾರೆ. ಅವಳು ನೋಡಿದ ಆ ಪ್ರದರ್ಶನದಲ್ಲಿ ಚಾರಿಯಟ್, ತನಗೇ ಗೊತ್ತಿಲ್ಲದೆ, ಪ್ರೇಕ್ಷಕರ ಶಕ್ತಿಯನ್ನು ಎಳೆದುಕೊಂಡಿದ್ದಳಂತೆ. ಅಯ್ಯೋ ಅನ್ನಿಸಿತು. ಕೆಲವು ಮಕ್ಕಳಿಗೆ ಸುಮ್ನೆ ಬರುವುದಿಲ್ಲ. ಯಾರೂ ಕದ್ದಿರುವುದಿಲ್ಲ. ಭಾಗಾಕಾರ ಬಾರದ ಮಗುವಿಗೆ ನಾನು ಏನು ಕಾರಣ ಕೊಡಲಿ? ಇಷ್ಟು ದಿನ ನಮ್ಮ ಪಕ್ಕದಲ್ಲೇ ಕೂತಿದ್ದ ಅಕ್ಕೋ ಆ ಕ್ಷಣ ಸ್ವಲ್ಪ ದೂರ ಹೋದಳು. ಮುಂದಿನ ಎಪಿಸೋಡಿನಲ್ಲಿ ಡಯಾನಾ ಬಂದು, ತಾನೂ ಅದೇ ಪ್ರದರ್ಶನಕ್ಕೆ ಹೋಗಿದ್ದೆ, ತನ್ನ ಶಕ್ತಿಯೂ ಹೋಗಿತ್ತು, ಒಂದೊಂದಾಗಿ ಮತ್ತೆ ಕಲಿತೆ ಎಂದಾಗ ಕಥೆ ಚೇತರಿಸಿಕೊಳ್ಳುತ್ತದೆ. ಎರಡನೇ ಎಪಿಸೋಡಿನ ಅವಳ ಮುಖ ಆಗ ಅರ್ಥವಾಗುತ್ತದೆ. ಆದರೂ ನನ್ನ ತಕರಾರು ಹಾಗೇ ಇದೆ.

ಟೀಚರ್ ಅರ್ಸುಲಾ ಬಗ್ಗೆ ಬರೆಯದೆ ಇರಲಾರೆ. ಅಕ್ಕೋಳನ್ನು ಒಂದು ದಿನವೂ ಅವಮಾನಿಸದವಳು. ಫೇಲಾದಾಗಲೂ ಪಕ್ಕದಲ್ಲಿ ನಿಂತು, ಇನ್ನೊಮ್ಮೆ ಮಾಡು ಅನ್ನುತ್ತಾಳೆ. ಅವಳನ್ನು ನೋಡಿದ ಮೇಲೆ ನಾನು ತಪ್ಪು ಉತ್ತರದ ಮೇಲೆ ಕೆಂಪು ಗೀಟು ಎಳೆಯುವುದನ್ನು ಬಿಟ್ಟಿದ್ದೇನೆ. ಪೆನ್ಸಿಲ್ಲಿನಲ್ಲಿ ಪಕ್ಕದಲ್ಲಿ ಒಂದು ಚುಕ್ಕೆ ಇಡುತ್ತೇನೆ, ಅಷ್ಟೇ.

ಎಂಟು ವರ್ಷ ದಾಟಿದ ಮಕ್ಕಳ ಜೊತೆ ಧೈರ್ಯವಾಗಿ ಕೂತು ನೋಡಬಹುದು. ಒಂದು ಎಪಿಸೋಡ್ 24 ನಿಮಿಷ. 2013ರ ಕಿರುಚಿತ್ರ ಸಿಕ್ಕರೆ ಮೊದಲು ಅದನ್ನೇ ನೋಡಿ. ಕ್ರೋವಾ ಬಂದ ಮೇಲೆ ಚಿಕ್ಕ ಮಕ್ಕಳಿಗೆ ಅಲ್ಲಲ್ಲಿ ನಿಲ್ಲಿಸಿ ವಿವರಿಸಬೇಕಾಗುತ್ತದೆ.

ನಮ್ಮ ಮನೆಯಲ್ಲಿ ಮಗಳು ಎರಡನೇ ಸಲ ಶುರು ಮಾಡಿದ್ದಾಳೆ. ಅತ್ತೆ ಈ ಸಲವೂ ಕೂರುತ್ತಾರಂತೆ. ಸೂಸಿಯ ಎಪಿಸೋಡ್ ಬಂದಾಗ ಕರೀತೀನಿ, ಆ ದಿನ ಬ್ಯಾಚ್ ಬೇಗ ಮುಗಿಸಮ್ಮ ಅಂದಿದ್ದಾಳೆ ಮಗಳು.